ಯುದ್ಧನೌಕೆ ಕ್ವಿಜ್ ಪೆಟ್ಟಿಗೆ: ಕೊಳ್ಳಿ, ಆದರೆ ಕೆಲವು ಕಾರ್ಡ್ ಪಕ್ಕಕ್ಕಿಡಿ

ಕೋಲಾರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸ್ಟೇಷನರಿ ಅಂಗಡಿಯಲ್ಲಿ ಈ ಪೆಟ್ಟಿಗೆ ಸಿಕ್ಕಿತು. ನೀಲಿ ರಟ್ಟಿನ ಪೆಟ್ಟಿಗೆ, ಮೇಲೆ ಲಂಗರಿನ ಚಿತ್ರ, ಒಳಗೆ 200 ಕಾರ್ಡ್. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ, ಉತ್ತರದ ಕೆಳಗೆ ಮೂರು ನಾಲ್ಕು ಸಾಲು ವಿವರಣೆ. ಬೆಲೆ 399 ರೂಪಾಯಿ. ಎಲ್ಲವೂ ಕನ್ನಡದಲ್ಲೇ ಇದೆ. ಯುದ್ಧನೌಕೆಗಳ ಬಗ್ಗೆ ಕನ್ನಡದಲ್ಲಿ ಒಂದು ಆಟ ಅಂದ ಮೇಲೆ ಬಿಟ್ಟು ಬರುವುದುಂಟಾ, ಅಲ್ಲೇ ದುಡ್ಡು ಕೊಟ್ಟು ತಂದೆ. ತಯಾರಿಸಿದವರ ಹೆಸರು ಇಲ್ಲಿ ಹಾಕುವುದಿಲ್ಲ. ಚಿಕ್ಕ ತಂಡ ಅಂತ ಕಾಣುತ್ತದೆ, ತಪ್ಪುಗಳ ಪಟ್ಟಿಯನ್ನು ಅವರಿಗೇ ನೇರವಾಗಿ ಕಳಿಸಿದ್ದೇನೆ.

ನಮ್ಮದು ಒಂದು ಸಣ್ಣ ಗುಂಪು. ನೇವಿಯಿಂದ ನಿವೃತ್ತರಾದ ಮಾಲೂರು ಕಡೆಯವರೊಬ್ಬರು (ನಾವೆಲ್ಲ ನೇವಿ ಸಾರ್ ಅನ್ನುತ್ತೇವೆ), ಇತಿಹಾಸದ ಮೇಷ್ಟ್ರು ಒಬ್ಬರು, ಪ್ಲಾಸ್ಟಿಕ್ ಹಡಗು ಜೋಡಿಸುವ ಹುಚ್ಚಿನ ಇಬ್ಬರು ಹುಡುಗರು, ಹತ್ತನೇ ಕ್ಲಾಸಿನ ನನ್ನ ಅಕ್ಕನ ಮಗಳು, ಮತ್ತೆ ನಾನು. ಭಾನುವಾರ ಸಂಜೆ ಕಾರಂಜಿಕಟ್ಟೆಯ ನಮ್ಮ ಮನೆ ಮಹಡಿ ಮೇಲೆ ಸೇರುತ್ತೇವೆ. ಕಡಲೇ ಇಲ್ಲದ ಊರಿನಲ್ಲಿ ಹಡಗಿನ ಮಾತೇನು ಅಂತ ಕೇಳುವವರು ಇದ್ದಾರೆ. ಅವರಿಗೆ ಉತ್ತರ ಇದೆ, ಮುಂದೆ ಹೇಳುತ್ತೇನೆ. ಈಗ ಪೆಟ್ಟಿಗೆ ವಿಷಯ. ಪೂರ್ತಿ ಆಡಿ ಮುಗಿಸಿದ ಮೇಲೇ ಇದನ್ನು ಬರೆಯುತ್ತಿರುವುದು.

ಒಳ್ಳೆಯದರಿಂದ ಶುರು ಮಾಡುತ್ತೇನೆ, ಯಾಕಂದರೆ ಒಳ್ಳೆಯದು ನಿಜವಾಗಿಯೂ ತುಂಬ ಒಳ್ಳೆಯದಿದೆ. ಈ ಪೆಟ್ಟಿಗೆ ಮಾಡಿದವರಿಗೆ ಒಂದು ಹಡಗಿನ ಕತೆಯಿಂದ ಇನ್ನೊಂದು ಹಡಗಿನ ಕತೆಗೆ ದಾಟುವುದು ಗೊತ್ತು. ನನಗೆ ತುಂಬ ಹಿಡಿಸಿದ ಕಾರ್ಡ್ ಇದು: "1914ರ ಸೆಪ್ಟೆಂಬರ್ 22ರಂದು ಜರ್ಮನ್ ನೌಕಾಪಡೆ ಎರಡು ಬೇರೆ ಬೇರೆ ಕಡಲುಗಳಲ್ಲಿ ಏನು ಮಾಡಿತು?" ಎರಡರಲ್ಲಿ ಒಂದು ನಮ್ಮ ಕಡೆಯವರಿಗೆ ಗೊತ್ತಿರುತ್ತದೆ. ಅವತ್ತು ರಾತ್ರಿ ಎಂಡೆನ್ ಅನ್ನುವ ಕ್ರೂಸರ್ (ವೇಗವಾಗಿ ಓಡುವ ಮಧ್ಯಮ ಗಾತ್ರದ ಯುದ್ಧನೌಕೆ) ಮದ್ರಾಸಿನ ಎದುರಿಗೆ ಬಂದು ನಿಂತು ಸುಮಾರು 130 ಗುಂಡು ಹಾರಿಸಿತು, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಆದರೆ ಅದೇ ದಿನ ಬೆಳಗ್ಗೆ ಉತ್ತರ ಸಮುದ್ರದಲ್ಲಿ ಯು-9 ಅನ್ನುವ ಒಂದೇ ಒಂದು ಸಬ್‌ಮರೀನ್ ಅಬೂಕಿರ್, ಹೋಗ್, ಕ್ರೆಸ್ಸಿ ಅನ್ನುವ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಒಂದೂವರೆ ಗಂಟೆಯಲ್ಲಿ ಮುಳುಗಿಸಿತು. ಮೊದಲನೆಯದಕ್ಕೆ ಟಾರ್ಪಿಡೊ (ನೀರೊಳಗೆ ಓಡಿ ಬಂದು ಸಿಡಿಯುವ ಆಯುಧ) ಬಡಿದಾಗ ಉಳಿದ ಎರಡು ಜನರನ್ನು ಕಾಪಾಡಲು ಹೋಗಿ ನಿಂತವು, ಹಾಗೆ ನಿಂತದ್ದರಿಂದಲೇ ಅವೂ ಹೋದವು. ಸತ್ತವರು 1,400ಕ್ಕೂ ಜಾಸ್ತಿ. ಎರಡೂ ಒಂದೇ ತಾರೀಕು ಅನ್ನುವುದು ನಮ್ಮ ಮೇಷ್ಟ್ರಿಗೂ ಹೊಳೆದಿರಲಿಲ್ಲ.

ಇಷ್ಟಕ್ಕೇ ನಿಲ್ಲುವುದಿಲ್ಲ. ಆ ಕಾರ್ಡಿನ ಕೆಳಗೆ ಇನ್ನೊಂದು ಕಾರ್ಡಿನ ನಂಬರ್ ಕೊಟ್ಟಿದ್ದಾರೆ. ಅದನ್ನು ತೆಗೆದರೆ ಪ್ರಶ್ನೆ ಹೀಗಿದೆ: "ಸಬ್‌ಮರೀನ್ ಒಂದನ್ನು ಗುದ್ದಿ ಮುಳುಗಿಸಿದ ಬ್ಯಾಟಲ್‌ಷಿಪ್ ಯಾವುದು?" ಉತ್ತರ ಬ್ರಿಟಿಷರ ಡ್ರೆಡ್‌ನಾಟ್. ಬ್ಯಾಟಲ್‌ಷಿಪ್ ಅಂದರೆ ದೊಡ್ಡ ಫಿರಂಗಿ, ದಪ್ಪ ಕವಚದ ಭಾರಿ ಯುದ್ಧನೌಕೆ. 1906ರಲ್ಲಿ ಬಂದಾಗ ಹತ್ತು 12 ಇಂಚಿನ ಫಿರಂಗಿ, ಉಗಿ ಟರ್ಬೈನ್, 21 ನಾಟ್ ವೇಗ, ಜಗತ್ತಿನ ಉಳಿದೆಲ್ಲ ಬ್ಯಾಟಲ್‌ಷಿಪ್‌ಗಳನ್ನು ಒಂದೇ ದಿನದಲ್ಲಿ ಹಳತಾಗಿಸಿದ ಹಡಗು. ಯುದ್ಧದಲ್ಲಿ ಅದು ಮುಳುಗಿಸಿದ್ದು ಫಿರಂಗಿಯಿಂದ ಅಲ್ಲ, ಮೂತಿಯಿಂದ, ಅದೂ ಒಂದು ಸಬ್‌ಮರೀನ್. 1915ರ ಮಾರ್ಚ್ 18, ಯು-29. ಅದರ ಕ್ಯಾಪ್ಟನ್ ಯಾರು ಗೊತ್ತಾ? ಆರು ತಿಂಗಳ ಹಿಂದೆ ಯು-9ರಲ್ಲಿ ಕೂತು ಆ ಮೂರು ಕ್ರೂಸರ್ ಮುಳುಗಿಸಿದ ಓಟೊ ವೆಡ್ಡಿಗೆನ್. 1916ರಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ಜಟ್‌ಲೆಂಡ್ ಕದನ ನಡೆದಾಗ ಇದೇ ಡ್ರೆಡ್‌ನಾಟ್ ರಿಪೇರಿಯಲ್ಲಿತ್ತು, ತನ್ನ ಮಾದರಿಯಲ್ಲಿ ಕಟ್ಟಿ ತನ್ನ ಹೆಸರಿನಿಂದಲೇ "ಡ್ರೆಡ್‌ನಾಟ್" ಅಂತ ಕರೆದ ಹಡಗುಗಳು ಕಾದಾಡಿದ ಆ ದೊಡ್ಡ ಕದನಕ್ಕೆ ತಾನೇ ಹೋಗಲಿಲ್ಲ. ಈ ಎರಡು ಕಾರ್ಡಿಗೆ ನಮ್ಮ ಒಂದು ಇಡೀ ಸಂಜೆ ಹೋಯಿತು, ಅಂಕ ಬರೆಯುವುದನ್ನೇ ಎಲ್ಲರೂ ಮರೆತರು. ನೇವಿ ಸಾರ್ ಹೇಳಿದರು, "ಮದ್ರಾಸ್ ಹೈಕೋರ್ಟ್ ಗೋಡೆ ಮೇಲೆ ಎಂಡೆನ್ ಗುಂಡಿನ ನೆನಪಿಗೆ ಒಂದು ಫಲಕ ಇದೆಯಮ್ಮ, ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಒಂದೇ ದಿನದಲ್ಲಿ ನೋಡಿಕೊಂಡು ಬರಬಹುದು." ಅಕ್ಕನ ಮಗಳು ಹಟ ಹಿಡಿದಿದ್ದಾಳೆ, ಪರೀಕ್ಷೆ ಮುಗಿದ ಮೇಲೆ ಹೋಗುತ್ತೇವೆ.

ಭಾರತದ ಹಡಗುಗಳ ಹಿಂದಿನ ಜನ್ಮದ ಕಾರ್ಡುಗಳೂ ಚೆನ್ನಾಗಿವೆ. ನಮ್ಮ ಮೊದಲ ಐಎನ್‌ಎಸ್ ಡೆಲ್ಲಿ ಅದಕ್ಕೂ ಮುಂಚೆ ಅಕಿಲೀಸ್ ಆಗಿತ್ತು, ನ್ಯೂಜಿಲೆಂಡಿನ ಕ್ರೂಸರ್. 1939ರ ಡಿಸೆಂಬರ್ 13ರಂದು ಅಜಾಕ್ಸ್ ಮತ್ತು ಎಕ್ಸೆಟರ್ ಜೊತೆ ಸೇರಿ ಜರ್ಮನಿಯ ಗ್ರಾಫ್ ಶ್ಪೇ ಅನ್ನುವ ಯುದ್ಧನೌಕೆಯನ್ನು ಅಟ್ಟಿದ ಹಡಗು ಅದು. ನಾಲ್ಕು ದಿನಕ್ಕೆ ಗ್ರಾಫ್ ಶ್ಪೇಯನ್ನು ಮಾಂಟೆವಿಡಿಯೊ ಹೊರಗೆ ಅದರ ಕ್ಯಾಪ್ಟನ್ನೇ ಸ್ಫೋಟಿಸಿ ಮುಳುಗಿಸಿದ. ಅಕಿಲೀಸ್ 1948ರಲ್ಲಿ ನಮ್ಮ ಕೈಗೆ ಬಂತು, ಆಮೇಲೆ ಆ ಕದನದ ಬಗ್ಗೆ ಸಿನಿಮಾ ತೆಗೆದಾಗ ಅಕಿಲೀಸ್ ಪಾತ್ರ ಮಾಡಿದ್ದು ಡೆಲ್ಲಿಯೇ. ನಮ್ಮಲ್ಲಿದ್ದ ವಿಮಾನವಾಹಕ ವಿರಾಟ್ ಕೂಡ ಹಾಗೇ. ಅದು ಬ್ರಿಟಿಷರ ಹರ್ಮಿಸ್ ಆಗಿದ್ದಾಗ 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಮುಖ್ಯ ಹಡಗು. ಅದೇ ಯುದ್ಧದಲ್ಲಿ ಮೇ 2ರಂದು ಕಾಂಕರರ್ ಅನ್ನುವ ಅಣುಶಕ್ತಿ ಸಬ್‌ಮರೀನ್ ಅರ್ಜೆಂಟೀನಾದ ಬೆಲ್‌ಗ್ರಾನೊ ಅನ್ನುವ ಕ್ರೂಸರನ್ನು ಮುಳುಗಿಸಿತು, 323 ಜನ ಹೋದರು. ಆ ಬೆಲ್‌ಗ್ರಾನೊ ಅಮೆರಿಕದ ಫೀನಿಕ್ಸ್ ಆಗಿದ್ದಾಗ 1941ರ ಪರ್ಲ್ ಹಾರ್ಬರ್ ದಾಳಿಯಲ್ಲಿ ಗಾಯವಿಲ್ಲದೆ ಉಳಿದಿತ್ತು. ಇಂಥ ಕಾರ್ಡ್ ಬಂದಾಗ ಉತ್ತರ ಗೊತ್ತಿಲ್ಲದವರಿಗೂ ಬೇಸರ ಆಗುವುದಿಲ್ಲ, ಕೇಳಿಸಿಕೊಳ್ಳಬೇಕು ಅನ್ನಿಸುತ್ತದೆ.

ಈಗ ಸಿಟ್ಟು ಬಂದ ಕಡೆಗೆ ಬರುತ್ತೇನೆ.

"ಜಗತ್ತಿನ ಅತಿ ಹಳೆಯ ಯುದ್ಧನೌಕೆ ಯಾವುದು?" ಕಾರ್ಡಿನ ಉತ್ತರ: ಅಮೆರಿಕದ ಕಾನ್‌ಸ್ಟಿಟ್ಯೂಷನ್. ಇದು ಹೇಗೆ ಸರಿ? ಕಾನ್‌ಸ್ಟಿಟ್ಯೂಷನ್ ನೀರಿಗಿಳಿದದ್ದು 1797ರಲ್ಲಿ. ಬ್ರಿಟಿಷರ ವಿಕ್ಟರಿ 1765ರದ್ದು, ಇವತ್ತಿಗೂ ನೌಕಾಪಡೆಯ ಪಟ್ಟಿಯಲ್ಲಿದೆ, ಆದರೆ 1922ರಿಂದ ಪೋರ್ಟ್‌ಸ್ಮತ್‌ನ ಡ್ರೈ ಡಾಕಿನಲ್ಲಿ (ನೀರು ತೆಗೆದ ಕಟ್ಟೆಯಲ್ಲಿ) ಕೂತಿದೆ. ಸ್ವೀಡನ್ನಿನ ವಾಸಾ ಇನ್ನೂ ಹಳೆಯದು, 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿ, 1961ರಲ್ಲಿ ಮೇಲೆತ್ತಿ, ಈಗ ಮ್ಯೂಸಿಯಂನಲ್ಲಿದೆ. ಅಂದರೆ ಪ್ರಶ್ನೆಯಲ್ಲಿ "ಇನ್ನೂ ಸೇವೆಯಲ್ಲಿರುವ, ನೀರಿನ ಮೇಲೆ ತೇಲುತ್ತಿರುವ" ಅಂತ ಹಾಕಿದ್ದರೆ ಮಾತ್ರ ಕಾನ್‌ಸ್ಟಿಟ್ಯೂಷನ್ ಸರಿ. ಷರತ್ತು ಬಿಟ್ಟ ಪ್ರಶ್ನೆಗೆ ಮೂರು ಉತ್ತರ ಸರಿಯಾಗುತ್ತದೆ, ಮೂವರೂ ಅಂಕ ಕೇಳುತ್ತಾರೆ. ನಮ್ಮಲ್ಲೂ ಹಾಗೇ ಆಯಿತು. ಮೇಷ್ಟ್ರು ವಿಕ್ಟರಿ ಅಂದರು, ಅಂಕ ಕೊಡಲಿಲ್ಲ ಅಂತ ಅರ್ಧ ಗಂಟೆ ಮಾತಾಡಲಿಲ್ಲ. ಅವರದ್ದು ನ್ಯಾಯವೇ ಆಗಿತ್ತು.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಇದೇ ಪೆಟ್ಟಿಗೆಯಲ್ಲಿ ಬೇರೆ ಕಡೆ ಟ್ರಿಂಕೊಮಲಿ ಅನ್ನುವ ಹಡಗಿನ ಬಗ್ಗೆ ಒಂದು ಕಾರ್ಡ್ ಇದೆ, ಸುಮ್ನೆ "ಬಾಂಬೆಯಲ್ಲಿ ಕಟ್ಟಿದ, ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿರುವ ಹಡಗು ಯಾವುದು" ಅಂತ. ಎಂಥ ಕತೆಯನ್ನು ಕೈಯಲ್ಲಿಟ್ಟುಕೊಂಡು ಎಷ್ಟು ಚಪ್ಪೆ ಪ್ರಶ್ನೆ! ನೆಪೋಲಿಯನ್ ಕಾಲದ ಯುದ್ಧಗಳಿಗೆ ಹಡಗು ಕಟ್ಟಿ ಕಟ್ಟಿ ಬ್ರಿಟನ್ನಿನಲ್ಲಿ ಓಕ್ ಮರ ಸಾಲದೆ ಹೋಯಿತು. ಬಾಂಬೆಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಗಟ್ಟಿ ಹಡಗು ಕಟ್ಟುತ್ತಿದ್ದರು, ಕೆಲಸ ಅವರಿಗೆ ಹೋಯಿತು. ಹಡಗಿನ ನಕ್ಷೆಗಳನ್ನು ಜಾವಾ ಅನ್ನುವ ಫ್ರಿಗೇಟಿನಲ್ಲಿ ಬಾಂಬೆಗೆ ಕಳಿಸಿದರು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಹತ್ತಿರ ಆ ಜಾವಾ ಒಂದು ಅಮೆರಿಕನ್ ಹಡಗಿಗೆ ಸೋತಿತು. ಸೋಲಿಸಿದ್ದು ಕಾನ್‌ಸ್ಟಿಟ್ಯೂಷನ್! ನಕ್ಷೆ ಹೋಯಿತು, ಮತ್ತೆ ಇನ್ನೊಂದು ಪ್ರತಿ ಕಳಿಸಬೇಕಾಯಿತು, ಕೆಲಸ ತಡವಾಗಿ ಟ್ರಿಂಕೊಮಲಿ ನೀರಿಗಿಳಿದದ್ದು 1817ರಲ್ಲಿ. ಇವತ್ತಿಗೂ ಎರಡೂ ತೇಲುತ್ತಿವೆ. ಒಂದು ಬಾಸ್ಟನ್ನಿನಲ್ಲಿ, ಒಂದು ಹಾರ್ಟ್‌ಲ್‌ಪೂಲ್‌ನಲ್ಲಿ. ಟ್ರಿಂಕೊಮಲಿ ಹುಟ್ಟುವುದನ್ನೇ ತಡ ಮಾಡಿಸಿದ ಹಡಗು, ಮತ್ತು ನಮ್ಮ ಕಡೆಯ ತೇಗದಿಂದಾಗಿ ಇನ್ನೂರು ವರ್ಷ ದಾಟಿ ಬದುಕಿರುವ ಹಡಗು. ಪ್ರಶ್ನೆ ಅಂದರೆ ಇದು: "ಟ್ರಿಂಕೊಮಲಿ ಕಟ್ಟುವುದು ತಡವಾಗಲು ಕಾರಣವಾದ, ಇಂದಿಗೂ ತೇಲುತ್ತಿರುವ ಶತ್ರು ಹಡಗು ಯಾವುದು?" ಇದಕ್ಕೆ ಒಂದೇ ಉತ್ತರ, ಜಗಳಕ್ಕೆ ಜಾಗವೇ ಇಲ್ಲ. ಎಂಡೆನ್ ಕಾರ್ಡ್ ಬರೆದ ಕೈಗೆ ಇದನ್ನು ಬರೆಯುವುದು ಕಷ್ಟ ಇರಲಿಲ್ಲ.

ಷರತ್ತಿಲ್ಲದ ಕಾರ್ಡುಗಳು ಇನ್ನೂ ಇವೆ. "ಅತಿ ದೊಡ್ಡ ಯುದ್ಧನೌಕೆ" ಅಂತ ಕೇಳಿ ಜಪಾನಿನ ಯಮಾಟೊ ಅಂತ ಉತ್ತರ ಕೊಟ್ಟಿದ್ದಾರೆ. ಫಿರಂಗಿಯ ಬ್ಯಾಟಲ್‌ಷಿಪ್‌ಗಳಲ್ಲಿ ತೂಕಕ್ಕೆ ಹೌದು, ತುಂಬಿದ ತೂಕ ಸುಮಾರು 72,000 ಟನ್, 46 ಸೆಂಟಿಮೀಟರ್‌ನ ಒಂಬತ್ತು ಫಿರಂಗಿ. ಆದರೆ ಉದ್ದದಲ್ಲಿ ಅಮೆರಿಕದ ಅಯೋವಾ ಜಾಸ್ತಿ, ಅದು 270 ಮೀಟರ್, ಯಮಾಟೊ 263. ವಿಮಾನವಾಹಕಗಳನ್ನು ಸೇರಿಸಿದರೆ ಯಮಾಟೊ ಎಲ್ಲೋ ಹಿಂದೆ ಉಳಿಯುತ್ತದೆ, ಅಮೆರಿಕದ ವಿಮಾನವಾಹಕ ಫೋರ್ಡ್ ಒಂದು ಲಕ್ಷ ಟನ್ನಿನ ಹಡಗು, ಅವರದ್ದೇ ಹಳೆಯ ಎಂಟರ್‌ಪ್ರೈಸ್ 342 ಮೀಟರ್ ಉದ್ದ ಇತ್ತು. ನಮ್ಮ ಹೊಸ ವಿಕ್ರಾಂತ್ 262 ಮೀಟರ್, ಅಂದರೆ ಉದ್ದದಲ್ಲಿ ಯಮಾಟೊಗಿಂತ ಒಂದು ಮೀಟರ್ ಕಡಿಮೆ ಅಷ್ಟೇ, ತೂಕ ಮಾತ್ರ 45,000 ಟನ್. ಯಾಕೆ ಇಷ್ಟು ವ್ಯತ್ಯಾಸ? ಯಮಾಟೊಗೆ ಮೈತುಂಬ ದಪ್ಪ ಉಕ್ಕಿನ ಕವಚ, ಮೂರು ದೈತ್ಯ ಗೋಪುರ. ವಿಮಾನವಾಹಕಕ್ಕೆ ಒಳಗೆ ವಿಮಾನ ನಿಲ್ಲಿಸಲು ಖಾಲಿ ಜಾಗ ಬೇಕು. ಹೀಗೆ ಕೇಳಿದ್ದರೆ ಮಕ್ಕಳಿಗೆ ತಲೆಗೆ ಕೆಲಸ ಸಿಗುತ್ತಿತ್ತು.

"ಮೊದಲ ವಿಮಾನವಾಹಕ" ಕಾರ್ಡಿನದೂ ಇದೇ ಕತೆ. 1918ರ ಬ್ರಿಟಿಷ್ ಹಡಗು ಆರ್ಗಸ್‌ಗೆ ಮೊದಲು ಪೂರ್ತಿ ಉದ್ದದ ಡೆಕ್ ಬಂತು. ವಿಮಾನವಾಹಕ ಅಂತಲೇ ಕಟ್ಟಿ ಮೊದಲು ಸೇವೆಗೆ ಬಂದದ್ದು ಜಪಾನಿನ ಹೋಶೊ, 1922. ಅದಕ್ಕೂ ಮೊದಲೇ ಕಟ್ಟಲು ಶುರು ಮಾಡಿ 1924ಕ್ಕೆ ಸೇವೆಗೆ ಬಂದದ್ದು ಬ್ರಿಟಿಷರ ಆಗಿನ ಹರ್ಮಿಸ್. ಆ ಹರ್ಮಿಸ್ ಬೇರೆ, ವಿರಾಟ್ ಆದ ಹರ್ಮಿಸ್ ಬೇರೆ. ಮೊದಲನೆಯದನ್ನು 1942ರ ಏಪ್ರಿಲ್ 9ರಂದು ಸಿಲೋನ್ ಕರಾವಳಿಯಲ್ಲಿ ಜಪಾನಿ ವಿಮಾನಗಳು ಮುಳುಗಿಸಿದವು. ಕಾರ್ಡಿನಲ್ಲಿ ಉತ್ತರ "ಹೋಶೊ" ಅಂತ ಒಂದೇ ಪದ.

ಹಳತಾದ ಮಾಹಿತಿಯೂ ಇದೆ. ಹಳೇ ವಿಕ್ರಾಂತ್ ಮುಂಬೈಯಲ್ಲಿ ಮ್ಯೂಸಿಯಂ ಆಗಿದೆ ಅಂತ ಒಂದು ಕಾರ್ಡ್ ಹೇಳುತ್ತದೆ. ಆ ಮ್ಯೂಸಿಯಂ 2012ರಲ್ಲೇ ಮುಚ್ಚಿತು, 2014ರಲ್ಲಿ ಹಡಗನ್ನು ಒಡೆದರು. 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಕೆಲಸ ಮಾಡಿದ ಹಡಗನ್ನು ಗುಜರಿಗೆ ಹಾಕಿದ್ದು ನನಗೆ ಇವತ್ತಿಗೂ ನೋವು. ಅದರ ಲೋಹವನ್ನು ಬಜಾಜ್‌ನವರು ಕೊಂಡು 2016ರಲ್ಲಿ ವಿ ಅನ್ನುವ ಬೈಕಿಗೆ ಬಳಸಿದರು, ಕೋಲಾರದಲ್ಲೇ ಅಂಥ ಬೈಕುಗಳು ಓಡಾಡುತ್ತವೆ. ಅದನ್ನು ಪ್ರಶ್ನೆ ಮಾಡಬಹುದಿತ್ತು.

ಖುಕ್ರಿ ಕಾರ್ಡಿನ ಬಗ್ಗೆ ಒಂದು ಮಾತು. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಕಾರ್ಡಿನಲ್ಲಿ ಎಲ್ಲ ವಿವರ ಸರಿಯಾಗಿದೆ, ಮರ್ಯಾದೆಯಿಂದ ಬರೆದಿದ್ದಾರೆ, ದಿಯುವಿನಲ್ಲಿರುವ ಸ್ಮಾರಕದ ಚಿತ್ರ ಕೂಡ ಹಾಕಿದ್ದಾರೆ. ಅದು ಬಂದಾಗ ನೇವಿ ಸಾರ್ "ಇದಕ್ಕೆ ಅಂಕ ಬೇಡ, ಓದಿ ಪಕ್ಕಕ್ಕಿಡಿ" ಅಂದರು. ನೀವೂ ಹಾಗೇ ಮಾಡಿ.

ಇನ್ನು ಏನು ಇಲ್ಲ ಅನ್ನುವುದು. ಕನ್ನಡದಲ್ಲಿ ಅಚ್ಚಾದ ಪೆಟ್ಟಿಗೆಯಲ್ಲಿ ಕರ್ನಾಟಕದ ಪಾಲು ತೀರಾ ಕಡಿಮೆ. ಐಎನ್‌ಎಸ್ ಮೈಸೂರು ಹೆಸರೇ ಇಲ್ಲ! ಮೊದಲ ಮೈಸೂರು ಬ್ರಿಟಿಷರ ನೈಜೀರಿಯಾ ಆಗಿದ್ದ ಕ್ರೂಸರ್, 1957ರಲ್ಲಿ ನಮ್ಮದಾಯಿತು, 1971ರಲ್ಲಿ ಪಶ್ಚಿಮ ನೌಕಾಪಡೆಯ ಮುಖ್ಯ ಹಡಗು ಅದೇ. ಈಗಿನ ಮೈಸೂರು 1999ರಲ್ಲಿ ಬಂದ ಡಿಸ್ಟ್ರಾಯರ್, ಅದರ ಲಾಂಛನದಲ್ಲಿರುವುದು ಗಂಡಭೇರುಂಡ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ದಿನಾ ನೋಡುವ ಹಕ್ಕಿ ಯಾವ ಯುದ್ಧನೌಕೆಯ ಮೇಲಿದೆ ಅಂತ ಕೇಳಿದರೆ ಎಂಥ ಮಗುವೂ ಕಿವಿ ನೆಟ್ಟಗೆ ಮಾಡುತ್ತದೆ. ಕಾರವಾರದ ಕಡಲ ತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಚಾಪಲ್ ಕೂಡ ಇಲ್ಲ. 1971ರಲ್ಲಿ ಕರಾಚಿ ಮೇಲೆ ಹೋದ ನಿಪಾತ್, ನಿರ್ಘಾತ್, ವೀರ್ ಇವೆ, ಆದರೆ ಅದೇ ಜಾತಿಯ ಕ್ಷಿಪಣಿ ದೋಣಿಯೊಂದನ್ನು ನಮ್ಮ ರಾಜ್ಯದಲ್ಲೇ ಒಳಗೆ ಹೋಗಿ ನೋಡಬಹುದು ಅಂತ ಒಂದು ಸಾಲು ಇಲ್ಲ.

ಕೋಲಾರಕ್ಕೂ ಕಡಲಿಗೂ ಏನು ಅಂತ ಕೇಳುವವರಿಗೆ ಈಗ ಹೇಳುತ್ತೇನೆ. ಹೈದರಾಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ಹತ್ತಿರದ ಬೂದಿಕೋಟೆಯಲ್ಲಿ. ಅವನ ಮನೆಯವರ ಗೋರಿಗಳು ಕೋಲಾರದ ಮಖಬರಾದಲ್ಲೇ ಇವೆ. ಆ ಮನುಷ್ಯ ಮಂಗಳೂರಿನಲ್ಲಿ ನೌಕಾಪಡೆ ಕಟ್ಟಿದ. 1780ರಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಆ ಹಡಗುಗಳನ್ನು ಹಾಳು ಮಾಡಿದ. ಆಮೇಲೆ 1782 ಮತ್ತು 83ರಲ್ಲಿ ಅದೇ ಹ್ಯೂಸ್ ಎದುರಿಗೆ ಫ್ರೆಂಚರ ಅಡ್ಮಿರಲ್ ಸಫ್ರೆನ್ ಐದು ಸಲ ಕಾದಾಡಿದ, ಮದ್ರಾಸ್ ಕರಾವಳಿಯಲ್ಲೂ ಸಿಲೋನ್ ಹತ್ತಿರವೂ. ಎರಡೂ ಕಡೆ ಒಂದು ಹಡಗೂ ಈ ಐದು ಕದನಗಳಲ್ಲಿ ಮುಳುಗಲಿಲ್ಲ, ಆದರೂ ನೌಕಾ ಇತಿಹಾಸ ಓದುವವರು ಇವತ್ತಿಗೂ ಇದನ್ನು ಬಿಡಿಸಿ ಬಿಡಿಸಿ ನೋಡುತ್ತಾರೆ. ನಡುವೆ 1782ರಲ್ಲಿ ಸಫ್ರೆನ್ ಕಡಲೂರಿನ ಕಡೆ ಇಳಿದು ಹೈದರನನ್ನು ಭೇಟಿ ಮಾಡಿದ. ಬೂದಿಕೋಟೆಯಲ್ಲಿ ಹುಟ್ಟಿದವನು ಫ್ರಾನ್ಸಿನ ದೊಡ್ಡ ಅಡ್ಮಿರಲ್ ಜೊತೆ ಕೂತು ಯುದ್ಧದ ಮಾತಾಡಿದ್ದಾನೆ. ಪೆಟ್ಟಿಗೆಯಲ್ಲಿ ಸಫ್ರೆನ್ ಕಾರ್ಡ್ ಇದೆ, ಹೈದರ್ ಇಲ್ಲ. ಇದನ್ನು ನಾನು ತಯಾರಕರಿಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ವಸ್ತುವಿನ ಗುಣಮಟ್ಟ ಹೇಳಿಬಿಡುತ್ತೇನೆ. ಕಾರ್ಡ್ ದಪ್ಪ ಇದೆ, ಮೂಲೆ ದುಂಡಗೆ ಕತ್ತರಿಸಿದ್ದಾರೆ, ಮಡಚುವುದಿಲ್ಲ. ಅಕ್ಷರ ದೊಡ್ಡದು, ನೇವಿ ಸಾರ್ ಕನ್ನಡಕ ಇಲ್ಲದೆ ಓದುತ್ತಾರೆ. ಚಿತ್ರಗಳು ಕಪ್ಪು ಬಿಳುಪು, ಕೆಲವು ಮಸುಕು. ಪೆಟ್ಟಿಗೆ ಮುಚ್ಚಳ ಮಾತ್ರ ಬೇಗ ಸಡಿಲ ಆಗುತ್ತದೆ, ರಬ್ಬರ್ ಬ್ಯಾಂಡ್ ಹಾಕಬೇಕು. ಜೊತೆಗೆ ಕೊಟ್ಟ ಮರಳಿನ ಗಡಿಯಾರ 30 ಸೆಕೆಂಡಿನದು, "ಯಾಕೆ" ಅನ್ನುವ ಪ್ರಶ್ನೆಗೆ ಅದು ಸಾಲುವುದಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಬ್ಯಾಟಲ್‌ಷಿಪ್ ಬಿಸ್ಮಾರ್ಕ್ ಯಾಕೆ ಫ್ರಾನ್ಸಿನ ಬಂದರು ಸೇರಲಿಲ್ಲ ಅಂತ ಕೇಳಿದರೆ, ಬ್ರಿಟಿಷ್ ವಿಮಾನವಾಹಕ ಆರ್ಕ್ ರಾಯಲ್‌ನಿಂದ ಹೋದ ಬಟ್ಟೆ ಹೊದಿಸಿದ ಎರಡು ರೆಕ್ಕೆಯ ಸ್ವೋರ್ಡ್‌ಫಿಶ್ ವಿಮಾನದ ಟಾರ್ಪಿಡೊ ಚುಕ್ಕಾಣಿಗೆ ಬಡಿದು ಹಡಗು ತಿರುಗಲಾಗದೆ ಹೋದದ್ದನ್ನು ಬಿಡಿಸಿ ಹೇಳುವುದಕ್ಕೆ ಒಂದು ನಿಮಿಷವಾದರೂ ಬೇಕಲ್ವಾ. ನಾವು ಗಡಿಯಾರವನ್ನು ಎರಡು ಸಲ ತಿರುಗಿಸುತ್ತೇವೆ.

ಅಂಕದ ನಿಯಮ ಕೂಡ ಬದಲಿಸಿಕೊಂಡಿದ್ದೇವೆ. ಪೆಟ್ಟಿಗೆಯ ನಿಯಮದಲ್ಲಿ ಎಲ್ಲ ಉತ್ತರಕ್ಕೂ ಒಂದೇ ಅಂಕ. ನಮ್ಮಲ್ಲಿ ಹೆಸರಿಗೆ ಒಂದು, ಕಾರಣ ಹೇಳಿದರೆ ಇನ್ನೆರಡು. "ಮೊದಲ", "ದೊಡ್ಡ", "ಹಳೆಯ" ಅನ್ನುವ ಪದ ಇರುವ ಕಾರ್ಡ್ ಬಂದರೆ ಓದುವವರು ಮೊದಲು ಷರತ್ತು ಸೇರಿಸಿಯೇ ಓದಬೇಕು. ಸೇರಿಸಲು ಆಗದ ಕಾರ್ಡ್ ಹೊರಗೆ. ಹಾಗೆ ಹೊರಗೆ ಹೋದದ್ದು 20ರ ಹತ್ತಿರ. ಉಳಿದ 180ಕ್ಕೆ 399 ರೂಪಾಯಿ ಖಂಡಿತ ಹೆಚ್ಚಲ್ಲ.

ಯಾರಿಗೆ ಸರಿ? ಹೈಸ್ಕೂಲಿನಿಂದ ಮೇಲಿನವರಿಗೆ. ಚಿಕ್ಕ ಮಕ್ಕಳಿಗೆ ಬೇಡ, ಸಾವಿನ ಲೆಕ್ಕ ತುಂಬ ಇದೆ. ಶಾಲೆಯ ಕ್ವಿಜ್‌ಗೆ ತಯಾರಾಗುವವರು ಇದನ್ನೊಂದೇ ನಂಬಿ ಹೋಗಬೇಡಿ, ಮೇಲೆ ಹೇಳಿದ ಕಾರ್ಡುಗಳ ಮೇಲೆ ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ. ಒಬ್ಬರೇ ಓದಲು ಕೊಳ್ಳುವುದಾದರೂ ಪರವಾಗಿಲ್ಲ, ವಿವರಣೆಗಳು ಓದಿಸಿಕೊಂಡು ಹೋಗುತ್ತವೆ. ಅಂಗಡಿಯವರು ಎರಡನೇ ಮುದ್ರಣ ಬರುತ್ತದೆ ಅಂದಿದ್ದಾರೆ. ಅದರಲ್ಲಿ ವಿಕ್ರಾಂತ್ ಕಾರ್ಡ್ ತಿದ್ದಿ ಮೈಸೂರು, ಚಾಪಲ್, ಹೈದರ್ ಮೂರನ್ನೂ ಸೇರಿಸಿದ್ದರೆ ಇನ್ನೊಂದು ಪೆಟ್ಟಿಗೆ ಕೊಂಡು ನಮ್ಮ ಬಡಾವಣೆಯ ಸರ್ಕಾರಿ ಹೈಸ್ಕೂಲಿಗೆ ಕೊಡುತ್ತೇನೆ. ಆತುರ ಇಲ್ಲದವರು ಆ ಮುದ್ರಣಕ್ಕೆ ಕಾಯಬಹುದು.